ಊರು ಬೆಳೆಯಿತು, ಊರಿನವರೆಲ್ಲಿ?

ತಮಿಳುನಾಡಿನ ತಿರುಪ್ಪೂರಿನಲ್ಲಿ ಹೊಲಿದ ಬನಿಯನ್ನು, ಟೀ-ಷರ್ಟುಗಳು ನಮ್ಮಲ್ಲಿ ಅನೇಕರ ಮನೆಯ ಬೀರುಗಳಲ್ಲಿವೆ. ಆ ಊರಿನ ಮಹಾನಗರಪಾಲಿಕೆಯಲ್ಲಿ 2016ರ ಅಕ್ಟೋಬರ್‌ನಿಂದ ಐದು ವರ್ಷಕ್ಕೂ ಹೆಚ್ಚು ಕಾಲ ಜನ ಆರಿಸಿದ ಒಬ್ಬನೇ ಒಬ್ಬ ಸದಸ್ಯರೂ ಇರಲಿಲ್ಲ ಎಂದರೆ ನಂಬುತ್ತೀರಾ?

ತಮಿಳುನಾಡಿನ ಎಲ್ಲ ಪಟ್ಟಣಗಳ ಪಾಡೂ ಅದೇ ಆಗಿತ್ತು. 2016ರಲ್ಲಿ ಮೀಸಲಾತಿಯ ಲೋಪಕ್ಕಾಗಿ ಮದ್ರಾಸ್ ಹೈಕೋರ್ಟು ಚುನಾವಣೆಯ ಅಧಿಸೂಚನೆಯನ್ನು ರದ್ದುಪಡಿಸಿತು. ಆಮೇಲೆ ವಾರ್ಡುಗಳ ಮರುವಿಂಗಡಣೆ, ಮತ್ತೆ ದಾವೆ, ಮತ್ತೆ ಮುಂದೂಡಿಕೆ. ಕೊನೆಗೆ ಮತದಾನ ನಡೆದದ್ದು 2022ರ ಫೆಬ್ರವರಿ 19ರಂದು. ಅಲ್ಲಿಯವರೆಗೆ ವಿಶೇಷಾಧಿಕಾರಿಗಳ ಆಡಳಿತ. 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ಹೇಳುತ್ತದೆ. ನಾವು ತಮಿಳುನಾಡನ್ನು ನೋಡಿ ನಗುವಂತೆಯೂ ಇಲ್ಲ. ನಮ್ಮ ಬೆಂಗಳೂರು ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ.

ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಬಸ್ಸು ಒಂದು ವಾರ ನಿಂತರೆ ಊರೆಲ್ಲ ಬೀದಿಗಿಳಿಯುತ್ತದೆ. ಕೌನ್ಸಿಲರೇ ಇಲ್ಲದ ಐದು ವರ್ಷವನ್ನು ಜನ ಹೇಗೆ ಸುಮ್ಮನೆ ಕಳೆದರು? ತಿರುಪ್ಪೂರನ್ನು ನೋಡಿದರೆ ಉತ್ತರದ ಒಂದು ಭಾಗವಾದರೂ ಸಿಗುತ್ತದೆ. 2008ರಲ್ಲಿ ಅದು ಮಹಾನಗರಪಾಲಿಕೆಯಾಯಿತು, 2009ರಲ್ಲಿ ಜಿಲ್ಲಾ ಕೇಂದ್ರವಾಯಿತು. ಸುತ್ತಲಿನ ವೇಲಂಪಾಳಯಂ, ನಲ್ಲೂರು ಸೇರಿ ಈಗ 60 ವಾರ್ಡುಗಳು. ಹೊಲಿಗೆ, ಕಟಿಂಗ್, ಇಸ್ತ್ರಿ ಕೆಲಸಕ್ಕೆ ಮೊದಲು ಮಧುರೆ, ತಿರುನೆಲ್ವೇಲಿ ಕಡೆಯವರು ಬಂದರು. ಆಮೇಲೆ ಒಡಿಶಾ, ಬಿಹಾರ, ಜಾರ್ಖಂಡ್‌ನವರು. ಅವರಲ್ಲಿ ಹೆಚ್ಚಿನವರ ಮತ ಹುಟ್ಟೂರಿನಲ್ಲೇ ಉಳಿದಿದೆ. ಮಾಲೀಕರಿಗೋ ಸ್ವಂತ ಬೋರ್‌ವೆಲ್ಲು, ಸ್ವಂತ ಜನರೇಟರು. ಒಬ್ಬರಿಗೆ ಪಾಲಿಕೆಯನ್ನು ಕೇಳುವ ಹಕ್ಕಿಲ್ಲ, ಇನ್ನೊಬ್ಬರಿಗೆ ಕೇಳುವ ಅಗತ್ಯವಿಲ್ಲ. ಬೀದಿದೀಪ ಕೆಟ್ಟಿತೆಂದು ಹೋದವರಿಗೆ ಯಾವ ಊರಿನಲ್ಲಾದರೂ ಮೊದಲು ಎದುರಾಗುವ ಪ್ರಶ್ನೆ ಗೊತ್ತಲ್ಲ: "ನಿಮ್ಮ ಓಟು ಇಲ್ಲೇ ಇದೆಯೇ?"

ಇದರ ಫಲವನ್ನು ನೊಯ್ಯಲ್ ನದಿ ಉಂಡಿತು. ಬಣ್ಣ ಹಾಕುವ ಘಟಕಗಳ ಉಪ್ಪುನೀರು ದಶಕಗಳ ಕಾಲ ಅದರಲ್ಲಿ ಹರಿಯಿತು. ನೀರಾವರಿಗೆಂದು 1990ರ ದಶಕದ ಆರಂಭದಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಕೊಳಚೆಯ ತೊಟ್ಟಿಯಾಯಿತು. ಅದರ ನೀರು ನಮಗೆ ಬೇಡವೇ ಬೇಡ ಎಂದು ಕೆಳಗಿನ ರೈತರು ಕೈಮುಗಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಏಳುನೂರಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ಸಾವಿರಾರು ಕಾರ್ಮಿಕರು ಗಂಟುಮೂಟೆ ಕಟ್ಟಿದರು. ಕೊಳಚೆ ನೀರನ್ನು ಹೊರಬಿಡದೆ ಶುದ್ಧೀಕರಿಸಿ ಮರಳಿ ಬಳಸುವ ವ್ಯವಸ್ಥೆ ಬಿಗಿಯಾದದ್ದು ಆಮೇಲೆ. ಗಮನಿಸಿ: ನದಿಯನ್ನು ನ್ಯಾಯಾಲಯದ ಬಾಗಿಲಿಗೆ ಒಯ್ದವರು ಊರಿನ ಜನಪ್ರತಿನಿಧಿಗಳಲ್ಲ, ಕೆಳಗಿನ ಹಳ್ಳಿಗಳ ರೈತರು. ಕಸದ ವಿಷಯದಲ್ಲೂ ಹಾಗೆಯೇ. ಹಾಳುಬಿದ್ದ ಕಲ್ಲುಗಣಿಗಳಿಗೆ ಪಾಲಿಕೆ ಕಸ ಸುರಿದಾಗ ಅಡ್ಡನಿಂತವರು ಆ ಸುತ್ತಲಿನ ಹಳ್ಳಿಯವರು.

ಹಾಗೆಂದು ಆ ಊರಿನವರಿಗೆ ಕೈಲಾಗದು ಎನ್ನುವಂತಿಲ್ಲ. ಭವಾನಿಯಿಂದ ದಿನಕ್ಕೆ 18.5 ಕೋಟಿ ಲೀಟರ್ ನೀರು ತರುವ ಯೋಜನೆಗೆ ಉದ್ಯಮಿಗಳೂ ಸರ್ಕಾರವೂ ಕೂಡಿ ಕಂಪನಿಯನ್ನೇ ಕಟ್ಟಿದರು. 2000ದ ದಶಕದ ಮಧ್ಯದಲ್ಲಿ ಅದು ಮುಗಿಯಿತು. ಜಾಣ್ಮೆಯಿದೆ, ಹಣವಿದೆ. ಅವು ಪಾಲಿಕೆಯ ಸಭಾಂಗಣದತ್ತ ಹೋಗುವುದಿಲ್ಲ, ಅಷ್ಟೇ. ಧ್ವಜ ಕೈಬಿಡದೆ ಲಾಠಿಯೇಟಿಗೆ 1932ರ ಜನವರಿಯಲ್ಲಿ ಪ್ರಾಣ ಕೊಟ್ಟ ಕುಮಾರನ್ ಇದೇ ಊರಿನವನೆಂದು ಹೆಸರಾದವನು. ಆ ತಲೆಮಾರಿನ ದೊಡ್ಡವರಿಗೆ ಪುರಸಭೆ ಕೀಳೆನಿಸಿರಲಿಲ್ಲ. ರಾಜಾಜಿ 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಪೆರಿಯಾರ್ ಪಕ್ಕದ ಈರೋಡಿನಲ್ಲಿ, ಸರ್ದಾರ್ ಪಟೇಲರು 1924ರಿಂದ ಅಹಮದಾಬಾದಿನಲ್ಲಿ. ಚರಂಡಿ, ನಲ್ಲಿನೀರುಗಳ ಲೆಕ್ಕ ನೋಡಿಯೇ ಅವರು ರಾಜ್ಯಭಾರ ಕಲಿತರು. ಇಂದು ವಾರ್ಡಿನ ಸ್ಥಾನ ಪಕ್ಷದ ಏಣಿಯ ಕೊನೆಯ ಮೆಟ್ಟಿಲು. ಓದಿದ, ನಾಲ್ಕು ಜನ ಗೌರವಿಸುವ ವ್ಯಕ್ತಿ ಅತ್ತ ಹೊರಟರೆ "ನಿಮಗ್ಯಾಕೆ ಆ ಕೊಚ್ಚೆ?" ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಧರ್ಮಕೇಂದ್ರದ ಪಾಲನಾ ಸಮಿತಿಗೆ ಹೆಸರು ಕೊಡಿ ಎಂದರೂ ತಲೆ ತಗ್ಗಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ಮಕ್ಕಳೂ ಕೆಲಸಕ್ಕೆಂದು ಪರಊರುಗಳಲ್ಲಿದ್ದಾರೆ, ಬಾಡಿಗೆ ಕೋಣೆಗಳಲ್ಲಿ, ಹಾಸ್ಟೆಲುಗಳಲ್ಲಿ. ಮತದಾರರ ಪಟ್ಟಿಗೆ ಸ್ವಂತ ಮನೆ ಬೇಕಿಲ್ಲ. ಸಾಮಾನ್ಯವಾಗಿ ವಾಸಿಸುವ ಜಾಗವಾದರೆ ಸಾಕು. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಿಗೆ ನಮೂನೆ 8. ತಿರುಪ್ಪೂರಿನಲ್ಲಿ 2022ರ ಮಾರ್ಚ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದ ಸದಸ್ಯರ ಐದು ವರ್ಷದ ಗಡುವು 2027ರ ಮಾರ್ಚ್.