ಐದು ರೂಪಾಯಿಯ ಡೊಳ್ಳು

ನಿಪ್ಪಾಣಿಯ ಹಳೆಯ ಮನೆಗಳಲ್ಲಿ ತಂಬಾಕಿನ ಡಬ್ಬಿ ಸಿಗುವುದು ಹೊಸತೇನಲ್ಲ. ನಮ್ಮ ಮನೆಯಲ್ಲೂ ಅಜ್ಜನದೊಂದು ತಗಡಿನ ಡಬ್ಬಿ ಇದೆ. ಈಗ ಅದರಲ್ಲಿ ತಂಬಾಕಿಲ್ಲ, ಒಂದು ಎಂಪಿ3 ಪ್ಲೇಯರ್ ಇದೆ. ಡಬ್ಬಿಯ ಬದಿಗೆ ಕೊರೆದ ತೂತಿನಿಂದ ಹೊರಟ ಇಯರ್‌ಫೋನ್ ವೈರು ಅವ್ವನ ಕಿವಿಯಲ್ಲಿ. ಅವಳು ಬೀಡಿ ಕಟ್ಟುತ್ತಾ ಡೊಳ್ಳಿನ ಪದ ಕೇಳುತ್ತಾಳೆ. ಆ ಡಬ್ಬಿಯ ಕತೆಯಲ್ಲಿ ನನ್ನ ಹೆಮ್ಮೆಯೂ ಇದೆ, ನಾಚಿಕೆಯೂ ಇದೆ. ನನ್ನಂತೆ ಡಿಪ್ಲೊಮಾ ಮುಗಿಸಿ ಅರ್ಜಿ ತುಂಬುತ್ತಾ ಕೂತವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಆ ಪ್ಲೇಯರ್ ಕೊಂಡಿದ್ದು ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ. ಹೆಸರಿಲ್ಲದ ಮಾಲು, ಬೆಲೆ ₹350. ‘ಮೊಬೈಲ್ ಇರುವಾಗ ಇದೇಕೆ?’ ಎಂದು ನೀವು ಕೇಳಬಹುದು. ಓದಲು ಕೂತಾಗ ಹಾಡು ಕೇಳಲೆಂದು ಮೊಬೈಲ್ ಕೈಗೆತ್ತಿಕೊಂಡರೆ ಹಾಡೊಂದನ್ನು ಬಿಟ್ಟು ಉಳಿದಿದ್ದೆಲ್ಲ ನೋಡುತ್ತಿದ್ದೆ. ಈ ಪ್ಲೇಯರ್‌ಗೆ ವಾಟ್ಸ್‌ಆ್ಯಪ್ ಗೊತ್ತಿಲ್ಲ. ಅಷ್ಟೇ ಅದರ ದೊಡ್ಡ ಗುಣ.

ಆದರೆ ಧ್ವನಿ ಮಾತ್ರ ಸಪ್ಪೆ. ಹಾಡುಗಾರರ ದನಿ ಸರಿಯಾಗಿಯೇ ಕೇಳುತ್ತಿತ್ತು. ಡೊಳ್ಳು ಬಂತೆಂದರೆ ಎಣ್ಣೆ ಡಬ್ಬಿ ಬಡಿದಂತೆ ಟಣ್ ಟಣ್. ಎದೆಗೆ ತಾಗುವ ಆ ‘ಗುಂ’ ಎಲ್ಲಿ ಹೋಯಿತು?

ಮೊದಲು ಖರ್ಚಿಲ್ಲದ ಉಪಾಯಗಳನ್ನೆಲ್ಲ ಮಾಡಿದೆ. ಇಯರ್‌ಫೋನಿನ ರಬ್ಬರ್ ತುದಿ ಕಿವಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಕೆಳಗಿನ ಸ್ವರಗಳು ಸೋರಿ ಹೋಗುತ್ತವೆ. ಅಳತೆಗೆ ತಕ್ಕ ತುದಿ ಹಾಕಿದೆ. ಹಾಡಿನ ಫೈಲುಗಳನ್ನು ನೋಡಿದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಇರುತ್ತದೆ. 128 ಕಿಲೋಬಿಟ್‌ನ ಎಂಪಿ3 ಎಂದರೆ ಅದರ ಹನ್ನೊಂದನೇ ಒಂದು ಪಾಲು. ಮೆಮೊರಿ ಕಾರ್ಡಿಗೆ ಅಂಗಡಿಯಲ್ಲಿ ತುಂಬಿಸಿಕೊಂಡ ನನ್ನ ಹಾಡುಗಳಲ್ಲಿ ಕೆಲವು ಬರೀ 64 ಇದ್ದವು. ಅವನ್ನು ಕಂಪ್ಯೂಟರಿನಲ್ಲಿ 320ಕ್ಕೆ ಬದಲಿಸಿದರೆ ಫೈಲು ದಪ್ಪವಾಗುತ್ತದೆಯೇ ಹೊರತು ಕಳೆದುಹೋದ ಧ್ವನಿ ಮರಳಿ ಬರುವುದಿಲ್ಲ. ಒಳ್ಳೆಯ ಫೈಲು ಹುಡುಕಿ ಹಾಕಿದೆ. ಎಲ್ಲ ಹಸನಾಯಿತು, ಡೊಳ್ಳು ಮಾತ್ರ ಡಬ್ಬಿಯಾಗಿಯೇ ಉಳಿಯಿತು.

ಬಿಚ್ಚಿ ನೋಡಿದಾಗ

ಕೊನೆಗೆ ಪ್ಲೇಯರ್ ಬಿಚ್ಚಿದೆ. ಇಯರ್‌ಫೋನ್ ತೂತಿಗೆ ಹೋಗುವ ದಾರಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಹಳದಿ ಕೆಪಾಸಿಟರ್. ಅದರ ಮೇಲೆ ‘476’ ಎಂದಿತ್ತು. ಹಾಗೆಂದರೆ 47ರ ಮುಂದೆ ಆರು ಸೊನ್ನೆಗಳಷ್ಟು ಪಿಕೋಫ್ಯಾರಡ್, ಅಂದರೆ 47 ಮೈಕ್ರೋಫ್ಯಾರಡ್. ಒಳಗಿನ ಚಿಪ್ಪಿನಿಂದ ಹಾಡಿನ ಜೊತೆಗೆ ಒಂದಿಷ್ಟು ನೇರ ವಿದ್ಯುತ್ತೂ ಹೊರಡುತ್ತದೆ. ಅದು ಇಯರ್‌ಫೋನಿಗೆ ಹೋಗದಂತೆ ತಡೆಯುವುದು ಈ ಕೆಪಾಸಿಟರಿನ ಕೆಲಸ. ಆದರೆ ಅದು ಚಿಕ್ಕದಾದರೆ ನೇರ ವಿದ್ಯುತ್ತಿನ ಜೊತೆಗೆ ಕೆಳಗಿನ ಸ್ವರಗಳನ್ನೂ ತಡೆಯುತ್ತದೆ.

ಎಷ್ಟು ತಡೆಯುತ್ತದೆ ಎಂಬುದಕ್ಕೆ ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದ ಸೂತ್ರವೇ ಇದೆ: ಒಂದನ್ನು 2π, ರೋಧ, ಕೆಪಾಸಿಟರಿನ ಬೆಲೆ ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ನನ್ನ ಇಯರ್‌ಫೋನ್ 16 ಓಮ್‌ನದು. ಲೆಕ್ಕ ಹಾಕಿದರೆ ಸುಮಾರು 212 ಹರ್ಟ್ಸ್ ಬಂತು. ಅಂದರೆ ಅದಕ್ಕಿಂತ ಕೆಳಗೆ ಇಳಿದಂತೆಲ್ಲ ಧ್ವನಿ ಕ್ಷೀಣ. ಡೊಳ್ಳಿನ ‘ಗುಂ’ ಇರುವುದೇ ಅಲ್ಲಿ! ಪರೀಕ್ಷೆಯಲ್ಲಿ ಐದು ಅಂಕಕ್ಕೆಂದು ಬರೆದಿದ್ದ ಸೂತ್ರ ಮೊದಲ ಸಲ ನನ್ನ ಕೈಯೊಳಗಿನ ವಸ್ತುವಿನ ಬಗ್ಗೆ ಮಾತಾಡಿತು.

ಇದ್ದ ಕೆಪಾಸಿಟರಿಗೆ ಸಮಾಂತರವಾಗಿ 220 ಮೈಕ್ರೋಫ್ಯಾರಡ್‌ನದೊಂದು ಸೇರಿಸಿದರೆ ಒಟ್ಟು 267 ಆಗುತ್ತದೆ, ಗಡಿ 37 ಹರ್ಟ್ಸ್‌ಗೆ ಇಳಿಯುತ್ತದೆ. ಚಿಕ್ಕೋಡಿಯಲ್ಲಿ ಟಿ.ವಿ. ರಿಪೇರಿ ಮಾಡುವ ಕಾಕಾ ಒಬ್ಬರ ಅಂಗಡಿಯಲ್ಲಿ ಎರಡು ಕೊಂಡೆ, ಒಂದಕ್ಕೆ ಐದು ರೂಪಾಯಿ. ಬ್ಯಾಟರಿಯ ವೈರು ಬಿಡಿಸಿ, ಅಲ್ಲೇ ಕೂತು ಬೆಸುಗೆ ಹಾಕಿದೆ. ಚಾಲೂ ಮಾಡಬೇಕು ಎನ್ನುವಷ್ಟರಲ್ಲಿ ಕಾಕಾ ಕೈ ಹಿಡಿದರು.

“ತಮ್ಮಾ, ಆ ಹಳದಿಯದರ ಗೆರಿ ಪ್ಲಸ್ಸು, ಈ ಉದ್ದಂದರ ಗೆರಿ ಮೈನಸ್ಸು. ಗೆರಿಗೆ ಗೆರಿ ಕೂಡಿಸಿ ಇಟ್ಟಿಯಲ್ಲೋ! ಎರಡೂ ಒಂದ ಅನಕೊಂಡೇನು?”

ನಿಜ. ಟ್ಯಾಂಟಲಮ್ ಕೆಪಾಸಿಟರಿನಲ್ಲಿ ಗೆರೆ ಇರುವುದು ಪ್ಲಸ್ ಕಡೆಗೆ, ಸಾಮಾನ್ಯ ಎಲೆಕ್ಟ್ರೊಲಿಟಿಕ್‌ನಲ್ಲಿ ಮೈನಸ್ ಕಡೆಗೆ. ಮೂರು ವರ್ಷ ಓದಿದವನಿಗೆ ಹೊಳೆಯದ್ದು ಅವರ ಕಣ್ಣಿಗೆ ಕ್ಷಣದಲ್ಲಿ ಬಿತ್ತು. ಬಿಚ್ಚಿ ತಿರುಗಿಸಿ ಹಾಕಿದೆ. ಹಾಡು ಹಚ್ಚಿದೆ. ಡೊಳ್ಳು ‘ಗುಂ’ ಎಂದಿತು. ಕಾಕಾನ ಕಿವಿಗೂ ಇಟ್ಟೆ. ಅವರು ನಕ್ಕರು.

ಹೊಸ ಕೆಪಾಸಿಟರ್‌ಗಳು ಪ್ಲೇಯರಿನೊಳಗೆ ಹಿಡಿಸಲಿಲ್ಲ. ಹೀಗಾಗಿ ಎಲ್ಲವೂ ಅಜ್ಜನ ತಂಬಾಕಿನ ಡಬ್ಬಿಗೆ ಸೇರಿದವು. ತಗಡಿಗೆ ತಾಗದಂತೆ ಒಳಗೆಲ್ಲ ಟೇಪು ಹಚ್ಚಿದೆ. ಚು ಮೋಯ್ ಎಂಬಾತ ರೂಪಿಸಿದ ಪುಟ್ಟ ಹೆಡ್‌ಫೋನ್ ಆ್ಯಂಪ್ಲಿಫೈಯರನ್ನು ಜಗತ್ತಿನ ಹವ್ಯಾಸಿಗಳು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಕಟ್ಟುತ್ತಾರಂತೆ. ಅವರಿಗೆ ಪೆಪ್ಪರ್‌ಮಿಂಟ್, ನಿಪ್ಪಾಣಿಯವರಿಗೆ ತಂಬಾಕು.

ಏಳುನೂರು ರೂಪಾಯಿಯ ಆಸೆ

ಕತೆ ಇಲ್ಲಿಗೇ ಮುಗಿಯಬೇಕಿತ್ತು. 1979ರಲ್ಲಿ ಸೋನಿ ವಾಕ್‌ಮನ್ ಬಂದಾಗಿನಿಂದ ಜೇಬಿನ ಹಾಡಿಗೆ ಮನಸೋತವರಿದ್ದಾರೆ. 2001ರಲ್ಲಿ ಬಂದ ಐಪಾಡ್‌ನ ಮಾರಾಟವನ್ನು ಕಂಪನಿ 2022ರಲ್ಲಿ ನಿಲ್ಲಿಸಿದ ಮೇಲೂ ಹಳೆಯದನ್ನು ಬಿಚ್ಚಿ ಬ್ಯಾಟರಿ, ಮೆಮೊರಿ, ಕೆಪಾಸಿಟರ್ ಬದಲಿಸುವವರಿದ್ದಾರೆ. ಅಂಥವರ ವಿಡಿಯೊ ನೋಡುತ್ತಾ ‘ಆಡಿಯೊಗೆಂದೇ ತಯಾರಿಸಿದ’ ಕೆಪಾಸಿಟರ್‌ಗಳ ಹುಚ್ಚು ಹತ್ತಿತು. ಅದೇ 220 ಮೈಕ್ರೋಫ್ಯಾರಡ್, ಬೆಲೆ ಮಾತ್ರ ಒಂದಕ್ಕೆ ₹350.

ಆ ತಿಂಗಳು ಒಂದು ನೇಮಕಾತಿಗೆ ಅರ್ಜಿ ಹಾಕಲೆಂದು ಅವ್ವ ದುಡ್ಡು ಕೊಟ್ಟಿದ್ದಳು. ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಗಳಿಸಿದ ದುಡ್ಡು. ಟ್ಯೂಷನ್ ಹಣ ಬಂದ ಕೂಡಲೇ ಅರ್ಜಿ ಹಾಕಿದರಾಯಿತು ಎಂದುಕೊಂಡು ಅದರಲ್ಲಿ ₹700 ಕೊಟ್ಟು ಕೆಪಾಸಿಟರ್ ತರಿಸಿದೆ. ಟ್ಯೂಷನ್ ಹಣ ತಡವಾಯಿತು. ಅರ್ಜಿಯ ಕೊನೆಯ ದಿನ ಮುಗಿದುಹೋಯಿತು.

ಹೊಸದನ್ನು ಹಾಕಿ ಕೇಳಿದೆ. ಅಬ್ಬಾ! ದನಿ ಸ್ವಚ್ಛ, ತಾಳ ಬೇರೆ, ಡೊಳ್ಳು ಬೇರೆ, ಹಿಮ್ಮೇಳದವರು ಎಲ್ಲಿ ನಿಂತಿದ್ದಾರೆಂದು ಬೆರಳು ಮಾಡಿ ತೋರಿಸಬಹುದು ಎನಿಸಿತು. ಡಿಪ್ಲೊಮಾದ ಗೆಳೆಯನಿಗೆ ತೋರಿಸಲು ಕಾಗವಾಡಕ್ಕೆ ಹೋದೆ. ಅವನು ಕೇಳಿ ಸುಮ್ಮನಿದ್ದ.

ಮರುದಿನ ಅವನ ತಂದೆ ಭಜನೆಯ ತಂಬೂರಿ ರಿಪೇರಿಗೆಂದು ಮಿರಜಿಗೆ ಹೊರಟಿದ್ದರು. ನಾವೂ ಜೊತೆಗೆ ಹೋದೆವು. ಮಿರಜಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದೆ. ಅಲ್ಲಿ ಕುಶಲಕರ್ಮಿಯೊಬ್ಬರು ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ದಾರ ಇಟ್ಟು ಕೂದಲಿನಷ್ಟು ಸರಿಸಿದರು. ಅಲ್ಲಿಯವರೆಗೆ ಮಂಕಾಗಿದ್ದ ತಂತಿ ಝೇಂಕರಿಸತೊಡಗಿತು. ಇದಕ್ಕೆ ‘ಜವಾರಿ’ ಎನ್ನುತ್ತಾರೆ. ಗೆಳೆಯ ಕಣ್ಣು ಮುಚ್ಚಿ ನಿಂತು, ದಾರ ಸರಿದಾಗಲೆಲ್ಲ “ಈಗ... ಈಗ...” ಎನ್ನುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ವಾಪಸಾಗುವಾಗ ಬಸ್ಸಿನಲ್ಲಿ ಕೇಳಿದ: “ದೋಸ್ತಾ, ನಿನ್ನ ಏಳ್ನೂರು ರೂಪಾಯಿದೂ ಹಿಂಗ ಕಣ್ಣು ಮುಚ್ಚಿ ಹೇಳ್ತೀಯೇನು?”

ಹದಿನಾರರಲ್ಲಿ ಒಂಬತ್ತು

ಮನೆಗೆ ಬಂದು ಸ್ವಿಚ್ ಒಂದನ್ನು ಕೂರಿಸಿದೆ. ಒಂದು ಕಡೆ ಒತ್ತಿದರೆ ಐದು ರೂಪಾಯಿಯ ಜೋಡಿ, ಇನ್ನೊಂದು ಕಡೆ ಒತ್ತಿದರೆ ₹350ರ ಜೋಡಿ. ಧ್ವನಿಯ ಮಟ್ಟ ಮುಟ್ಟುವಂತಿಲ್ಲ. ಯಾಕೆಂದರೆ ತುಸು ಜೋರಾಗಿರುವುದೇ ನಮಗೆ ಚೆಂದ ಎನಿಸಿಬಿಡುತ್ತದೆ. ಡಬ್ಬಿಯನ್ನು ತಂಗಿಯ ಕೈಗೆ ಕೊಟ್ಟು ನಾನು ಗೋಡೆಗೆ ಮುಖ ಮಾಡಿ ಕೂತೆ. ಅವಳು ನಾಣ್ಯ ಚಿಮ್ಮಿ, ಬಿದ್ದಂತೆ ಸ್ವಿಚ್ ಒತ್ತಿ, ಚೀಟಿಯಲ್ಲಿ ಬರೆದುಕೊಳ್ಳಬೇಕು.

“ಅಣ್ಣಾ, ಈಗ ಯಾವುದು ಹೇಳ?”

ಹದಿನಾರು ಸಲ ಕೇಳಿದಳು. ಒಂಬತ್ತು ಸಲ ಸರಿ ಹೇಳಿದೆ. ಏನೂ ಕೇಳಿಸಿಕೊಳ್ಳದೆ ಸುಮ್ಮನೆ ಊಹಿಸಿದರೂ ಸರಾಸರಿ ಎಂಟು ಬರುತ್ತದೆ. ವ್ಯತ್ಯಾಸ ನಿಜಕ್ಕೂ ಕೇಳಿಸುತ್ತದೆ ಎನ್ನಲು ಹದಿನಾರರಲ್ಲಿ ಹನ್ನೆರಡಾದರೂ ಸರಿ ಬರಬೇಕು. ಬರೀ ಅದೃಷ್ಟದಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಮರುದಿನ ವೈರು ಬದಲಿಸಿ, ಐದು ರೂಪಾಯಿಯ ಜೋಡಿ ಇದ್ದಾಗ ಮತ್ತು ಇಲ್ಲದಿದ್ದಾಗಿನ ಧ್ವನಿಯನ್ನು ಹಾಗೇ ಪರೀಕ್ಷಿಸಿದೆವು. ಹದಿನಾರಕ್ಕೆ ಹದಿನಾರು.

ಹಾಗಾದರೆ ಮೊದಲ ದಿನ ಆ ದುಬಾರಿ ಧ್ವನಿ ನನಗೆ ಕೇಳಿಸಿದ್ದು ಸುಳ್ಳೇ? ನನಗಂತೂ ಖಂಡಿತ ಕೇಳಿಸಿತ್ತು. ಅವ್ವನ ದುಡ್ಡು ಹಾಕಿದ್ದೆ, ಅರ್ಜಿ ತಪ್ಪಿಸಿಕೊಂಡಿದ್ದೆ. ಧ್ವನಿ ಬದಲಾಗಿಲ್ಲ ಎಂದು ಒಪ್ಪಿಕೊಂಡರೆ ಅದನ್ನೂ ಒಪ್ಪಿಕೊಳ್ಳಬೇಕಿತ್ತು. ನನ್ನ ಕಿವಿ ನನ್ನ ಮರ್ಯಾದೆ ಕಾಯಲು ಹೊರಟಿತ್ತು.

ನೀವೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ ಕೆಲವು ಮಾತು. ಮೊದಲು ಇಯರ್‌ಫೋನ್, ಆಮೇಲೆ ಫೈಲು, ಕೊನೆಗೆ ಸ್ಕ್ರೂಡ್ರೈವರ್. ಲಿಥಿಯಮ್ ಬ್ಯಾಟರಿಗೆ ಚೂಪಾದದ್ದು ತಾಗಿಸಬೇಡಿ, ಕಾದ ಐರನ್ ಅದರ ಹತ್ತಿರ ಒಯ್ಯಬೇಡಿ. ಎಲ್ಲ ಪ್ಲೇಯರ್‌ಗಳಲ್ಲೂ ಈ ಕೆಪಾಸಿಟರ್ ಇರುವುದಿಲ್ಲ. ಅದು ಬೇಕಿಲ್ಲದ ಚಿಪ್‌ಗಳೂ ಇವೆ. ಇದ್ದರೆ ಮೊದಲು ಲೆಕ್ಕ ಹಾಕಿ. ಗಡಿ ಆಗಲೇ 40 ಹರ್ಟ್ಸ್‌ ಆಸುಪಾಸಿನಲ್ಲಿದ್ದರೆ ಮುಟ್ಟದೆ ಮುಚ್ಚಿಬಿಡಿ. ಬೆಸುಗೆ ಮುಗಿಸಿದ ಮೇಲೆ ಕೈ ತೊಳೆದುಕೊಳ್ಳಿ. ದುಡ್ಡು ಕೊಟ್ಟವರೇ ತೀರ್ಪು ಹೇಳಬೇಡಿ. ಸ್ವಿಚ್ಚನ್ನು ತಂಗಿಯ ಕೈಗೆ ಕೊಡಿ.

ಅವ್ವನಿಗೆ ಹೇಳಲು ಎರಡು ದಿನ ಬೇಕಾಯಿತು. ಅರ್ಜಿ ಹಾಕಲಿಲ್ಲ ಎಂದೆ, ಏಳುನೂರು ಎಂದೆ, ಹದಿನಾರರಲ್ಲಿ ಒಂಬತ್ತು ಎಂದೆ. ಅವಳು ಬೀಡಿ ಕಟ್ಟುವ ಕೈ ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ, “ಹಂಗಾದ್ರ ಅವು ಬಿಚ್ಚು, ಐದ ರೂಪಾಯಿದ ಹಾಕು. ಬಿಚ್ಚಿದ್ದ ಯಾರಿಗರೆ ಮಾರು” ಎಂದಳು.

ಕಾಲು ಕತ್ತರಿಸಿದ ಕೆಪಾಸಿಟರನ್ನು ಯಾರೂ ಕೊಳ್ಳಲಿಲ್ಲ. ಅವೆರಡೂ ನನ್ನ ಓದುವ ಮೇಜಿನ ಮೇಲಿವೆ. ಮುಂದಿನ ಅರ್ಜಿಯನ್ನು ಕೊನೆಯ ದಿನಕ್ಕೆ ಎಂಟು ದಿನ ಮೊದಲೇ ಹಾಕಿದೆ. ಡಬ್ಬಿ ಅವ್ವನಿಗೆ ಕೊಟ್ಟೆ. ಮೊದಲ ದಿನ ಕೇಳಿ, “ಡೊಳ್ಳ ಛಲೋ ಕೇಳಸ್ತೈತಿ” ಎಂದಳು. ಆಮೇಲೆ ಒಂದು ಕಿವಿಯದನ್ನು ತೆಗೆದುಬಿಟ್ಟಳು. ಜೊತೆಗೆ ಬೀಡಿ ಕಟ್ಟುವವರ ಮಾತೂ ಕೇಳಬೇಕಲ್ಲ!