ಮಗುವಿನ ಫಿಟ್ಸ್ ಔಷಧ, ಎಂಆರ್‌ಐಯಲ್ಲಿ ಬಿಳಿ ಕಲೆ: ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ

ತ್ರಾಸಿ: ಐದಾರು ತಿಂಗಳ ಮಗು ನಿದ್ದೆಯಿಂದ ಎದ್ದ ಕೂಡಲೇ ತಲೆ ಬಗ್ಗಿಸಿ, ಎರಡೂ ಕೈ ಚಾಚಿ ಬೆಚ್ಚಿಬೀಳುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ. ಹೊಟ್ಟೆನೋವು ಇರಬೇಕು, ದೃಷ್ಟಿ ತಾಗಿರಬೇಕು ಅಂತ ಮನೆಯವರು ಅಂದುಕೊಳ್ಳುವುದು ಸಹಜ. ಆದರೆ ಸಾಲುಸಾಲಾಗಿ ಹೀಗಾದರೆ ಅದು ಇನ್‌ಫಂಟೈಲ್ ಸ್ಪಾಸಮ್ಸ್ ಎಂಬ ಅಪಸ್ಮಾರ ಇರಬಹುದು. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವೆಸ್ಟ್ ತನ್ನ ಸ್ವಂತ ಮಗನಲ್ಲಿ ಇದನ್ನು ಕಂಡು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದ. ಹಾಗಾಗಿ ವೆಸ್ಟ್ ಸಿಂಡ್ರೋಮ್ ಎಂಬ ಹೆಸರೂ ಇದೆ.

ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಎಸಿಟಿಎಚ್ ಇಂಜೆಕ್ಷನ್, ಸ್ಟೀರಾಯ್ಡ್ ಅಥವಾ ವಿಗಾಬಾಟ್ರಿನ್ ಕೊಡುತ್ತಾರೆ. ಟ್ಯೂಬರಸ್ ಸ್ಕ್ಲೆರೋಸಿಸ್ ಇರುವ ಮಕ್ಕಳಿಗಂತೂ ವಿಗಾಬಾಟ್ರಿನ್ನೇ ಮೊದಲ ಆಯ್ಕೆ.

ಈ ಔಷಧ ಮಿದುಳಿನಲ್ಲಿ ‘ಗಾಬಾ’ ಎಂಬ ರಾಸಾಯನಿಕ ಒಡೆಯದಂತೆ ತಡೆದು, ನರಗಳ ಅತಿ ಚಟುವಟಿಕೆಗೆ ಕಡಿವಾಣ ಹಾಕುತ್ತದೆ. ಆದರೆ ಅದನ್ನು ತೆಗೆದುಕೊಳ್ಳುವ ಕೆಲವು ಶಿಶುಗಳ ಎಂಆರ್‌ಐಯಲ್ಲಿ ಮಿದುಳಿನ ಒಳಭಾಗದ ಥಲಾಮಸ್, ಮಿದುಳುಕಾಂಡ ಮುಂತಾದೆಡೆ ಎಡಕ್ಕೂ ಬಲಕ್ಕೂ ಸರಿಸಮವಾಗಿ ಬಿಳಿ ಕಲೆ ಕಾಣುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ವರ್ಷ ತುಂಬದವರಲ್ಲಿ, ಡೋಸ್ ಹೆಚ್ಚಿದ್ದವರಲ್ಲಿ, ಜೊತೆಗೆ ಹಾರ್ಮೋನ್ ಚಿಕಿತ್ಸೆಯೂ ನಡೆಯುತ್ತಿರುವವರಲ್ಲಿ ಸಾಧ್ಯತೆ ಜಾಸ್ತಿ.

ರಿಪೋರ್ಟ್ ಕೈಗೆ ಬಂದಾಗ ಹೆತ್ತವರ ಎದೆ ಧಸಕ್ಕೆನ್ನುವುದು ಇಲ್ಲೇ. ಆದರೆ ಹೆಚ್ಚಿನ ಮಕ್ಕಳಲ್ಲಿ ಹೊರಗೆ ಏನೂ ತೊಂದರೆ ಕಾಣುವುದಿಲ್ಲ. ಡೋಸ್ ಇಳಿಸಿದ ಅಥವಾ ಔಷಧ ನಿಲ್ಲಿಸಿದ ಮೇಲೆ ಕಲೆ ಸಾಮಾನ್ಯವಾಗಿ ಮಾಯವಾಗುತ್ತದೆ, ಕೆಲವರಲ್ಲಿ ಔಷಧ ನಡೆಯುತ್ತಿರುವಾಗಲೇ. ಮನೆಯವರೇ ತೀರ್ಮಾನಿಸಿ ಒಮ್ಮೆಗೇ ಮಾತ್ರೆ ಬಿಟ್ಟರೆ ಮಾತ್ರ ಫಿಟ್ಸ್ ಜೋರಾಗಿ ಮರಳಬಹುದು. ಕಲೆಗಿಂತ ದೊಡ್ಡ ಅಪಾಯ ಅದು. ಎಷ್ಟು ಇಳಿಸಬೇಕು, ಯಾವಾಗ ಎಂಬುದನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಬೇಕು.

ಹಾಗಂತ ಎಲ್ಲವನ್ನೂ ಹಗುರವಾಗಿ ನೋಡುವಂತಿಲ್ಲ. ಮಗು ವಿಪರೀತ ಮಂಕಾದರೆ, ಕೈಕಾಲು ವಿಚಿತ್ರವಾಗಿ ತಿರುಚಿದರೆ, ಹಾಲು ನುಂಗಲು ಅಥವಾ ಉಸಿರಾಡಲು ಕಷ್ಟಪಟ್ಟರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿನ ವಿಚಾರ ಬೇರೆಯೇ: ಇದೇ ಔಷಧದಿಂದ ಅಂಚಿನ ದೃಷ್ಟಿ ಹೋದರೆ ಅದು ಮರಳುವುದಿಲ್ಲ. ಹಾಗಾಗಿ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ, ಔಷಧವನ್ನೂ ಅಗತ್ಯಕ್ಕಿಂತ ಹೆಚ್ಚು ಕಾಲ ಕೊಡುವುದಿಲ್ಲ.

ತ್ರಾಸಿ, ಗಂಗೊಳ್ಳಿ ಭಾಗದವರು ದೊಡ್ಡ ಆಸ್ಪತ್ರೆ ಅಂದರೆ ಮಣಿಪಾಲದ ಕಡೆಗೇ ಹೋಗಬೇಕು. ಹೊರಡುವ ಮೊದಲು ಮಗು ಬೆಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಒಳ್ಳೆಯದು; ಡಾಕ್ಟರ ಎದುರು ಮಗು ಸುಮ್ಮನೆ ನಗುತ್ತಾ ಮಲಗಿರುವುದೇ ಹೆಚ್ಚು. ಹಳೆಯ ಸ್ಕ್ಯಾನ್, ಇಇಜಿ, ಈಗ ಕೊಡುತ್ತಿರುವ ಡೋಸ್ ಬರೆದ ಚೀಟಿ ಕೂಡ ಜೊತೆಗಿರಲಿ.