ಜಪ್ತಿಗಾರನ 25 ಡಾಲರ್

ಕಾನೂನುಬದ್ಧ ದುಡಿಮೆಗೂ ಕಳ್ಳತನಕ್ಕೂ ನಡುವಣ ಗೆರೆ ಎಷ್ಟು ತೆಳುವಾದುದು ಎಂಬುದನ್ನು ನಗಿಸುತ್ತಲೇ ತೋರಿಸಿದ ಚಿತ್ರಗಳು ಹೆಚ್ಚಿಲ್ಲ. 1984ರ ‘ರೆಪೊ ಮ್ಯಾನ್’ ಅಂಥದೊಂದು. ಇಂಗ್ಲೆಂಡಿನಿಂದ ಲಾಸ್ ಏಂಜಲೀಸ್‌ಗೆ ಸಿನಿಮಾ ಕಲಿಯಲು ಹೋದ ಅಲೆಕ್ಸ್ ಕಾಕ್ಸ್ ಅವರ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವಿದು. ಬಂಡವಾಳ ಸುಮಾರು 15 ಲಕ್ಷ ಡಾಲರ್. ಹಾಲಿವುಡ್‌ನ ಲೆಕ್ಕದಲ್ಲಿ ಚಿಲ್ಲರೆ ಕಾಸು. ‘ರೆಪೊ’ ಎಂದೊಡನೆ ನಮ್ಮ ಓದುಗರಿಗೆ ರಿಸರ್ವ್ ಬ್ಯಾಂಕಿನ ಬಡ್ಡಿದರ ನೆನಪಾಗಬಹುದು. ಇದು ಬೇರೆ. ಕಂತು ಕಟ್ಟದವನ ಕಾರನ್ನು ಸಾಲ ಕೊಟ್ಟ ಸಂಸ್ಥೆಯ ಪರವಾಗಿ ಎತ್ತಿಕೊಂಡು ಬರುವ ಕಸುಬು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಪ್ತಿ.

ಕಥಾನಾಯಕ ಓಟೊ ಸೂಪರ್ ಮಾರ್ಕೆಟ್ಟಿನಲ್ಲಿ ಡಬ್ಬಿ ಜೋಡಿಸುವ ಕೆಲಸ ಕಳೆದುಕೊಂಡು ಬೀದಿ ಅಲೆಯುವ ಹುಡುಗ. ಓದು ಮುಗಿಸಿದರೆ ಸಾವಿರ ಡಾಲರ್ ಕೊಡುವುದಾಗಿ ಹೇಳಿದ್ದ ತಂದೆತಾಯಿ, ಗಾಂಜಾದ ಮಂಪರಿನಲ್ಲಿ ಟಿ.ವಿ. ನೋಡುತ್ತ, ಆ ಹಣವನ್ನು ಪರದೆಯ ಮೇಲಿನ ಧರ್ಮಬೋಧಕನಿಗೆ ಕಳಿಸಿಬಿಟ್ಟಿದ್ದಾರೆ. ಹೀಗಿರುವವನ ಮುಂದೆ ಬಡ್ ಎಂಬ ನಡುವಯಸ್ಕ ಕಾರು ನಿಲ್ಲಿಸುತ್ತಾನೆ. ಹೆಂಡತಿಗೆ ಮೈ ಸರಿಯಿಲ್ಲ, ಅವಳ ಕಾರನ್ನು ಈ ಬೀದಿಯಿಂದ ಹೊರಗೆ ಓಡಿಸಿಕೊಟ್ಟರೆ 25 ಡಾಲರ್ ಕೊಡುತ್ತೇನೆ ಎನ್ನುತ್ತಾನೆ. ಹೆಂಡತಿಯೂ ಸುಳ್ಳು, ಕಾಯಿಲೆಯೂ ಸುಳ್ಳು. ಕಾರಿನ ಒಡೆಯ ಕೂಗುತ್ತ ಹಿಂದೆ ಓಡಿಬರುತ್ತಾನೆ. ತನಗೇ ತಿಳಿಯದಂತೆ ಓಟೊ ಜಪ್ತಿಗಾರನಾಗಿರುತ್ತಾನೆ. ಸಂಬಳವಿಲ್ಲ, ಕಮಿಷನ್ ಮಾತ್ರ.

1982ರ ಕೊನೆಯಲ್ಲಿ ಅಮೆರಿಕದ ನಿರುದ್ಯೋಗ ಪ್ರಮಾಣ ಶೇ 10.8ಕ್ಕೆ ಏರಿತ್ತು. ಚಿತ್ರ ಈ ಅಂಕಿಯನ್ನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಶಾಂತಿಭಂಗವಾಗದಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಒತ್ತೆಯ ವಸ್ತುವನ್ನು ವಶಪಡಿಸಿಕೊಳ್ಳಲು ಅಲ್ಲಿನ ವಾಣಿಜ್ಯ ಕಾನೂನು ಅವಕಾಶ ಕೊಡುತ್ತದೆ. ನನ್ನ ಸೇವಾವಧಿಯಲ್ಲಿ ಸಹಕಾರ ಸಂಘದ ಬಾಕಿಗಾಗಿ ಪಂಪ್‌ಸೆಟ್ ಜಪ್ತಿಯಾದುದನ್ನು ನೋಡಿದ್ದೇನೆ. ಮೊದಲು ನೋಟಿಸು, ಆಮೇಲೆ ಪಂಚನಾಮೆ, ಪಂಚರ ಸಹಿ. ಸಾಲಗಾರನ ಮುಖ ನೋಡಲಾಗದೆ ಎಲ್ಲರೂ ನೆಲ ನೋಡುತ್ತ ನಿಂತಿರುತ್ತಿದ್ದರು. ಆ ವಿಳಂಬದಲ್ಲಿ ಒಂದಿಷ್ಟು ಮನುಷ್ಯತ್ವವಿತ್ತು. ಓಟೊನ ಜಪ್ತಿಯಲ್ಲಿ ನೆಲ ನೋಡುವಷ್ಟೂ ಪುರಸೊತ್ತಿಲ್ಲ.

ಹ್ಯಾರಿ ಡೀನ್ ಸ್ಟ್ಯಾಂಟನ್ ನಟಿಸಿರುವ ಬಡ್ ಈ ಚಿತ್ರದ ಜೀವಾಳ. ಸಾಲವೆಂಬುದು ಪವಿತ್ರ ನಂಬಿಕೆ, ಸ್ವತಂತ್ರ ಸಮಾಜ ನಿಂತಿರುವುದೇ ಅದರ ಮೇಲೆ ಎಂದು ಶಿಷ್ಯನಿಗೆ ಉಪದೇಶಿಸುತ್ತಾನೆ. ಬಾಕಿದಾರರನ್ನು ಕಂಡರೆ ಅವನಿಗೆ ಅಸಹ್ಯ. ಹಾಗಿದ್ದೂ 1964ರ ಷೆವರ್ಲೆ ಮಾಲಿಬು ಒಂದಕ್ಕೆ 20 ಸಾವಿರ ಡಾಲರ್ ಬಹುಮಾನವೆಂದು ಪ್ರಕಟವಾದೊಡನೆ ಅವನ ನಿಯಮಸಂಹಿತೆ ಮೂಲೆ ಸೇರುತ್ತದೆ. ಹಳೆಯ ಕಾರೊಂದಕ್ಕೆ ಇಷ್ಟು ಹಣವೇಕೆ ಎಂದು ಯೋಚಿಸುವ ವ್ಯವಧಾನ ಯಾರಿಗೂ ಇಲ್ಲ. ಅದರ ಡಿಕ್ಕಿಯಲ್ಲಿ ಅನ್ಯಗ್ರಹದ ಜೀವಿಗಳಿವೆ. ತೆರೆದವರು ಅಲ್ಲೇ ಭಸ್ಮ!

ಓಟೊನ ಹಳೆಯ ಗೆಳೆಯ ಡ್ಯೂಕ್ ನೇರ ದರೋಡೆಗೇ ಇಳಿದವನು. ಅಂಗಡಿಯೊಂದರಲ್ಲಿ ಗುಂಡೇಟು ತಿಂದು ಸಾಯುವಾಗ, ತನ್ನ ಈ ಗತಿಗೆ ಸಮಾಜವೇ ಹೊಣೆ ಎನ್ನುತ್ತಾನೆ. ಓಟೊ ಒಪ್ಪುವುದಿಲ್ಲ. ನೀನೂ ನನ್ನಂತೆ ಬಡಾವಣೆಯ ಬಿಳಿಯರ ಮನೆಯ ಪುಂಡನಷ್ಟೆ ಎಂದು ಬಾಯಿ ಮುಚ್ಚಿಸುತ್ತಾನೆ. ಆದರೂ ನೋಯುತ್ತಿದೆ ಎನ್ನುತ್ತಾನೆ ಡ್ಯೂಕ್. ನಿರುದ್ಯೋಗಿ ಯುವಕರ ಬಗ್ಗೆ ನಾನು ಓದಿದ ಅನೇಕ ವರದಿಗಳು ಈ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಕೇಳಿಸಿಕೊಂಡಿವೆ.

ನಮ್ಮಲ್ಲೂ ಸುಲಭ ಸಾಲದ ಕಾಲ ಬಂದಾಗ ಬಡ್‌ನ ಸಂತತಿ ಹುಟ್ಟಿಕೊಂಡಿತು. ಸಾಲ ವಸೂಲಿಗೆ ತೋಳ್ಬಲ ಬಳಸಕೂಡದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಬ್ಯಾಂಕುಗಳಿಗೆ ಎಚ್ಚರಿಸಿತು. 2008ರಲ್ಲಿ ರಿಸರ್ವ್ ಬ್ಯಾಂಕ್ ವಸೂಲಿ ಏಜೆಂಟರಿಗಾಗಿ ಮಾರ್ಗಸೂಚಿ ಹೊರಡಿಸಿತು. ಕಿರುಸಾಲದ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬೈಕಿನಲ್ಲಿ ಬಂದು ಬಾಗಿಲು ಬಡಿಯುವ ಹುಡುಗ ಸಾಮಾನ್ಯವಾಗಿ ಬಾಗಿಲ ಒಳಗಿರುವವನಷ್ಟೇ ಬಡವ. ಅವನ ಕಮಿಷನ್ನಿನ ಲೆಕ್ಕ ಯಾವ ಆಜ್ಞೆಯಲ್ಲೂ ಬರುವುದಿಲ್ಲ.

ಚಿತ್ರದಲ್ಲಿ ಹಣದ ಗೊಡವೆಗೆ ಹೋಗದವನು ಮಿಲ್ಲರ್ ಒಬ್ಬನೇ. ಜಪ್ತಿ ಕಾರುಗಳ ಅಂಗಳದಲ್ಲಿ ಕಸ ಸುಡುತ್ತ ತತ್ತ್ವ ಹೇಳುವ ಈತ ಕಾರು ಓಡಿಸುವುದನ್ನೇ ಕಲಿತಿಲ್ಲ. ಹೆಚ್ಚು ಓಡಿಸಿದಷ್ಟೂ ಬುದ್ಧಿ ಕಡಿಮೆಯಾಗುತ್ತದೆಂಬುದು ಅವನ ಸಿದ್ಧಾಂತ. ಕೊನೆಗೆ ಹಸಿರಾಗಿ ಹೊಳೆಯುವ ಮಾಲಿಬುವಿನ ಸಮೀಪ ಹೋಗಲು ವಿಜ್ಞಾನಿಗಳಿಗೂ ಧರ್ಮಬೋಧಕನಿಗೂ ಆಗುವುದಿಲ್ಲ. ಮಿಲ್ಲರ್ ನಿರಾತಂಕವಾಗಿ ಹೋಗಿ ಸ್ಟಿಯರಿಂಗ್ ಹಿಡಿದು ಕೂರುತ್ತಾನೆ, ಓಟೊನನ್ನೂ ಕರೆಯುತ್ತಾನೆ. ಕಾರು ಲಾಸ್ ಏಂಜಲೀಸ್‌ನ ದೀಪಗಳ ಮೇಲೆ ಹಾರಿಹೋಗುತ್ತದೆ. ಆ 20 ಸಾವಿರ ಡಾಲರನ್ನು ಕೇಳಲು ಯಾರೂ ಬರುವುದಿಲ್ಲ.